ಸೊನ್ನೆ ಎಂದರೆ ಕರೆಂಟಿಲ್ಲ

ಬಸವಂತ್ರಾಯರು ಅಳೆಯದೆ ಯಾವುದನ್ನೂ ನಂಬಿದವರಲ್ಲ. ಭೀಮರಾಯನಗುಡಿಯ ಒಂದು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಅವರು ಇಪ್ಪತ್ತೇಳು ವರ್ಷದಿಂದ ಸಹಾಯಕರು. ರೈತರು ಚೀಲದಲ್ಲಿ ತಂದ ಮಣ್ಣನ್ನು ತೂಗಿ, ಜರಡಿ ಹಿಡಿದು, ನೀರಲ್ಲಿ ಕಲಕಿ, ಬಂದ ಅಂಕಿಯನ್ನು ಬರೆದಿಡುವುದು ಅವರ ಕಾಯಕ. ಈ ಅಭ್ಯಾಸ ಸಂಜೆಯ ಬಸ್ಸಿನಲ್ಲಿ ಅವರ ಜೊತೆಗೇ ಶಹಾಪುರದ ಬಾವಿ ಓಣಿಯ ಮನೆಗೂ ಬರುತ್ತಿತ್ತು. ಸ್ನಾನದ ನೀರಿಗೆ ಬೇರೆಯವರು ಬೆರಳದ್ದಿದರೆ ಇವರು ಥರ್ಮಾಮೀಟರ್ ಅದ್ದುತ್ತಿದ್ದರು. ಹೆಂಡತಿ ಸುಗಲಮ್ಮ, "ಚಾಕ್ಕ ಸಕ್ರಿ ಸಾಕೇನ್ರಿ?" ಎಂದು ಕೇಳಿದರೆ, "ಮಂಗಳವಾರಕ್ಕಿಂತ ಕಮ್ಮಿ, ಬುಧವಾರಕ್ಕಿಂತ ಜಾಸ್ತಿ" ಎಂದು ಉತ್ತರ ಬರುತ್ತಿತ್ತು. ಇಂಥವರ ಕೈಗೆ ಒಂದು ಲ್ಯಾಪ್‌ಟಾಪ್ ಸಿಕ್ಕಿದ್ದು ಓಣಿಯ ಗ್ರಹಚಾರ.

ಅದನ್ನು ಕೊಟ್ಟವನು ಯಾದಗಿರಿಯಲ್ಲಿ ಹಳೆಯ ಕಂಪ್ಯೂಟರ್ ರಿಪೇರಿ ಮಾಡಿ ಮಾರುವ ಜಾಹೀದ.

"ಸರ, ಇದು ಮುದುಕ ಮಶೀನು. ದೊಡ್ಡ ವಿಂಡೋಸ್ ಹೊರಿಸಿದ್ರ ಉಸರು ಬಿಡ್ತದ. ಅದಕ್ಕ ಲಿನಕ್ಸ್ ಹಾಕೀನಿ. ಹಗುರ ಅದ, ಫ್ರೀ ಅದ, ವೈರಸ್ಸಿನ ಕಿರಿಕಿರಿ ಇಲ್ಲ."

"ಬ್ಯಾಟರಿ?"

ಜಾಹೀದ ಚಾವಣಿ ನೋಡಿದ. "ಅದ ಸರ."

ಬ್ಯಾಟರಿ ಇದೆ ಎಂದನೇ ಹೊರತು ಹೇಗಿದೆ ಎಂದು ಅವನು ಹೇಳಲಿಲ್ಲ. ಎಲ್ಲವನ್ನೂ ಅಳೆಯುವ ಬಸವಂತ್ರಾಯರು ಅದೊಂದನ್ನು ಕೇಳಲಿಲ್ಲ.

ಮೂರನೆಯ ದಿನ ಕರೆಂಟು ಹೋಯಿತು. ಬಸವಂತ್ರಾಯರು ಗಾಬರಿಯಾಗಲಿಲ್ಲ; ಪರದೆಯ ಮೂಲೆಯ ಬ್ಯಾಟರಿ ಗುರುತು ಶೇಕಡಾ ನೂರು ತೋರಿಸುತ್ತಿತ್ತು. ಕಚೇರಿಯ ವಾರ್ಷಿಕ ವರದಿ ಟೈಪು ಮಾಡುತ್ತ ಹೋದರು. ತೊಂಬತ್ತಾಯಿತು, ಎಪ್ಪತ್ತಾಯಿತು, ಐವತ್ತಾಯಿತು. ನಲವತ್ತಾರಕ್ಕೆ ಬಂದದ್ದೇ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ವರದಿಯೂ ಅದರ ಜೊತೆಗೆ ಹೋಯಿತು.

"ನಲವತ್ತಾರಕ್ಕ!" ಎಂದು ಅವರು ಫೋನಿನಲ್ಲಿ ಕೂಗಿದರು. "ಮೂವತ್ತೈದು ಬಂದವ ಪಾಸಾಗ್ತಾನ. ನಲವತ್ತಾರು ಬಂದಿದ್ದು ಹ್ಯಾಂಗ ಫೇಲ್ ಆಗ್ತದೋ ಜಾಹೀದ?"

"ಸರ, ಅದರ ಮ್ಯಾಲ ಒಂಚೂರು ಕಣ್ಣ ಇಡ್ರಿ" ಎಂದು ಜಾಹೀದ ಫೋನಿಟ್ಟ.

ಗಿರಾಕಿಯನ್ನು ಸಾಗಹಾಕಲು ಅಂಗಡಿಯವರು ಆಡುವ ಮಾತು ಅದು. ಬಸವಂತ್ರಾಯರು ಅದನ್ನು ಪ್ರಯೋಗದ ವಿಧಾನ ಎಂದು ತಿಳಿದರು.

ನಾಲ್ಕು ಸಂಜೆ ಕೂತು ಓದಿದ ಮೇಲೆ ಅವರಿಗೊಂದು ಸಂಗತಿ ಹೊಳೆಯಿತು. ಲಿನಕ್ಸು ತನ್ನ ಬ್ಯಾಟರಿಯ ಸಮಾಚಾರವನ್ನೆಲ್ಲ ಪುಟ್ಟ ಪುಟ್ಟ ಕಡತಗಳಲ್ಲಿ ಬರೆದಿಡುತ್ತದೆ. ಒಂದರಲ್ಲಿ ಚಾರ್ಜು ಶೇಕಡಾ ಎಷ್ಟು ಉಳಿದಿದೆ ಎಂದಿರುತ್ತದೆ. ಇನ್ನೊಂದರಲ್ಲಿ ಒಂದೇ ಒಂದು ಅಂಕಿ: ಚಾರ್ಜರಿನಿಂದ ಕರೆಂಟು ಬರುತ್ತಿದ್ದರೆ ಒಂದು, ಬರದಿದ್ದರೆ ಸೊನ್ನೆ. ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಒಂದು ಸಾಲು ಬರೆದರೆ ಸಾಕು, ಕಡತ ಎದುರಿಗೆ ಬಂದು ನಿಲ್ಲುತ್ತಿತ್ತು. ಕೇಳಿದ ಕೂಡಲೇ ಕಡತ ಸಿಗುವ ಕಚೇರಿಯನ್ನು ಅವರು ತಮ್ಮ ಸೇವೆಯಲ್ಲಿ ಅದೇ ಮೊದಲು ಕಂಡದ್ದು. ಕಣ್ಣು ತೇವವಾಯಿತು.

ನಿಮಿಷಕ್ಕೊಮ್ಮೆ ಸಮಯ, ಶೇಕಡಾ, ಒಂದೋ ಸೊನ್ನೆಯೋ ಇಷ್ಟನ್ನು ತಾನಾಗಿಯೇ ಬರೆದಿಡುವಂತೆ ಒಂದು ಸಣ್ಣ ಪ್ರೋಗ್ರಾಮು ಮಾಡಿದರು. ಲ್ಯಾಪ್‌ಟಾಪು ಹಗಲೆಲ್ಲ ಚಾಲೂ ಇರಬೇಕಲ್ಲ, ಅದಕ್ಕೆ ನಡುಮನೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿ ಸ್ಟೂಲಿನ ಮೇಲೆ ಪ್ರತಿಷ್ಠಾಪನೆ ಮಾಡಿದರು. ಆ ಮನೆಯಲ್ಲಿ ನಂಬಬಹುದಾದ ಪ್ಲಗ್ಗು ಅದೊಂದೇ. ಪಡಸಾಲೆಯದು ಕಿಡಿ ಕಾರುತ್ತಿತ್ತು. ಅಡುಗೆಮನೆಯದರಲ್ಲಿ ಇರುವೆಗಳು ಸಂಸಾರ ಹೂಡಿದ್ದವು. ಅವನ್ನು ರಿಪೇರಿ ಮಾಡಿಸುವುದು ಬಸವಂತ್ರಾಯರ 'ಆಗಬೇಕಾದ ಕೆಲಸಗಳು' ಪಟ್ಟಿಯಲ್ಲಿ ಆರು ವರ್ಷದಿಂದ ನಾಲ್ಕನೆಯ ನಂಬರಿನಲ್ಲಿ ಭದ್ರವಾಗಿತ್ತು.

ಲ್ಯಾಪ್‌ಟಾಪಿನ ಮೇಲೆ ಒಂದು ಚೀಟಿ ಅಂಟಿಸಿದರು: 'ಪ್ರಯೋಗ ನಡೆದಿದೆ. ಲ್ಯಾಪ್‌ಟಾಪ್ ಮುಟ್ಟಬಾರದು.'

"ಮುಟ್ಟಂಗಿಲ್ಲ ಬಿಡ್ರಿ" ಎಂದಳು ಸುಗಲಮ್ಮ. ಅವಳು ಕೊಟ್ಟ ಮಾತಿಗೆ ಕೊನೆಯವರೆಗೂ ತಪ್ಪಲಿಲ್ಲ ಎಂಬುದನ್ನು ಓದುಗರು ನೆನಪಿಡಬೇಕು.

ಒಂದು ವಾರದ ಮೇಲೆ ಬಸವಂತ್ರಾಯರು ದಾಖಲೆ ತೆರೆದು ನೋಡಿದರೆ ಎದೆ ಝಲ್ಲೆಂದಿತು. ಬರೀ ಸೊನ್ನೆಗಳು! ಹತ್ತೂ ಇಪ್ಪತ್ತರಿಂದ ಹತ್ತೂ ಮೂವತ್ತೈದು, ಸೊನ್ನೆ. ಹನ್ನೊಂದೂ ಹತ್ತರಿಂದ ಹನ್ನೊಂದೂ ಇಪ್ಪತ್ತೈದು, ಸೊನ್ನೆ. ಮಧ್ಯಾಹ್ನ ನಾಲ್ಕಕ್ಕೆ ಮತ್ತೆ ಸೊನ್ನೆ. ತಾವು ಬೆಳಗ್ಗೆ ಒಂಬತ್ತೂವರೆಯ ಬಸ್ಸು ಹತ್ತಿದ್ದೇ ತಡ, ಓಣಿಯ ಕರೆಂಟನ್ನು ಯಾರೋ ತೆಗೆಯುತ್ತಿದ್ದಾರೆ. ತಾವು ಸಂಜೆ ಇಳಿಯುವ ಹೊತ್ತಿಗೆ ಹಾಕುತ್ತಿದ್ದಾರೆ! ಬ್ಯಾಟರಿಯ ನಲವತ್ತಾರು ಆ ಕ್ಷಣಕ್ಕೇ ಮರೆತುಹೋಯಿತು. ಇರುವೆ ಹುಡುಕಲು ಹೋದವನಿಗೆ ಆನೆಯ ಹೆಜ್ಜೆ ಕಂಡಂತಾಯಿತು.

ಈಗ ಬಸವಂತ್ರಾಯರಿಗೆ ಗೊತ್ತಿಲ್ಲದ ಒಂದು ವಿಷಯವನ್ನು ಓದುಗರ ಕಿವಿಯಲ್ಲಿ ಹೇಳಲೇಬೇಕು. ಬಾವಿ ಓಣಿಯಲ್ಲಿ ಗಟ್ಟಿಮುಟ್ಟಾದ ಮಿಕ್ಸಿ ಎಂದರೆ ಸುಗಲಮ್ಮನದು. ಅವಳ ತವರಿನವರು ಸುರಪುರದಿಂದ ಹೊತ್ತು ತಂದದ್ದು. ಕಲ್ಲು ಹಾಕಿದರೂ ಹಿಟ್ಟು ಮಾಡುವಂಥದು. ಹೊಲಿಗೆ ಮಾಡುವ ಚಮನಬೀ ಕೆಂಪು ಖಾರ ತರುತ್ತಿದ್ದಳು, ಎದುರು ಮನೆಯ ಪಾರ್ವತಿಬಾಯಿ ಗುರೆಳ್ಳು ತರುತ್ತಿದ್ದಳು, ಓಣಿಗೆ ಓಣಿಯೇ ಹಿತ್ತಲ ಬಾಗಿಲಿನಿಂದ ಬಟ್ಟಲು ಹಿಡಿದು ಬರುತ್ತಿತ್ತು. ಮನೆಯಲ್ಲಿ ಗಂಡಸರು ಇರುವಾಗ ಬಂದು ಗರ್ ಎನಿಸುವುದು ಮರ್ಯಾದೆಯಲ್ಲ ಎಂದು ಒಂಬತ್ತೂವರೆಯ ಬಸ್ಸು ಹೋಗುವುದನ್ನು ಕಾಯುತ್ತಿದ್ದರು. ನಂಬಬಹುದಾದ ಪ್ಲಗ್ಗು ಒಂದೇ. ಲ್ಯಾಪ್‌ಟಾಪು ಮುಟ್ಟುವಂತಿಲ್ಲ, ಸರಿ, ಯಾರೂ ಮುಟ್ಟುತ್ತಿರಲಿಲ್ಲ. ಗೋಡೆಯಿಂದ ಅದರ ಪ್ಲಗ್ಗು ಕಿತ್ತು, ಮಿಕ್ಸಿಯದು ಚುಚ್ಚಿ, ಕೆಲಸ ಮುಗಿದ ಮೇಲೆ ಇದ್ದ ಹಾಗೆಯೇ ಸಿಕ್ಕಿಸಿ, ವೈರಿಗೆ ಹತ್ತಿದ ಖಾರವನ್ನು ಸೆರಗಿನಿಂದ ಒರೆಸಿ ಹೋಗುತ್ತಿದ್ದರು. ಅಷ್ಟು ಶಿಸ್ತು.

ಬಸವಂತ್ರಾಯರು ಓಣಿಯವರನ್ನು ವಿಚಾರಿಸಿದರು. ಪ್ರಯೋಗ ಮಾಡಿದ ಮೇಲೆ ಸಾಕ್ಷಿ ಬೇಕಲ್ಲ.

"ಚಮನಬೀ, ನಿನ್ನಿ ಹನ್ನೊಂದೂ ಹತ್ತಕ್ಕ ನಿನ್ನ ಹೊಲಿಗಿ ಮಶೀನು ನಡೀತಿತ್ತೇನವಾ?"

ಚಮನಬೀ ನೆನಪಿಸಿಕೊಂಡಳು. "ಇಲ್ರೀ ಅಣ್ಣಾ. ಹನ್ನೊಂದಕ್ಕ ನಿಂತೇ ಇತ್ತು."

ನಿಂತಿದ್ದು ನಿಜ. ಮಶೀನಿನ ಒಡತಿ ಆಗ ಅವರದೇ ನಡುಮನೆಯಲ್ಲಿ ಖಾರ ರುಬ್ಬುತ್ತಿದ್ದಳು. ಅದನ್ನು ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ.

"ಪಾರ್ವತಿಬಾಯಿ, ನಿಮ್ಮ ಮನ್ಯಾಗ ಕರೆಂಟ್ ಹೋಗ್ತದೇನ್ರಿ?"

"ಹೋಗದ ಏನ್ರಿ! ಬರೋದಾ ಇಲ್ಲ!" ಎಂದಳು ಪಾರ್ವತಿಬಾಯಿ. ಅವಳ ಹಿಂದೆ ಟಿವಿಯಲ್ಲಿ ಧಾರಾವಾಹಿಯ ಸೊಸೆ ಜೋರಾಗಿ ಅಳುತ್ತಿದ್ದಳು.

ನಮ್ಮ ಸೀಮೆಯಲ್ಲಿ ಕರೆಂಟು ಹೋಗುತ್ತದೆಯೇ ಎಂದು ಕೇಳಿದರೆ ಇಲ್ಲವೆಂದು ಹೇಳುವ ಮನುಷ್ಯ ಇನ್ನೂ ಹುಟ್ಟಿಲ್ಲ. ಅರ್ಜಿಗೆ ಒಂದೇ ಸಂಜೆಯಲ್ಲಿ ನಲವತ್ಮೂರು ಸಹಿ ಬಿದ್ದವು. ಚಮನಬೀಯ ಹೆಬ್ಬೆಟ್ಟಿಗೆ ಮಸಿ ಬೇಕಾಗಲಿಲ್ಲ. ಖಾರದ ಕೆಂಪೇ ಸಾಕಾಯಿತು.

ಸುಗಲಮ್ಮ ಮಾತ್ರ ಹೇಳಿದಳು: "ನಂಗ್ಯಾಕೋ ಅಷ್ಟ ಸರ್ತಿ ಹೋಗ್ಯಾದ ಅನಸಂಗಿಲ್ರಿ. ಆ ಬೀರೇಶ ಪಾಪ ಛಲೋ ಮನಶ್ಯಾ. ಮಳ್ಯಾಗ ಕಂಬ ಹತ್ತತಾನ."

"ಅನಸೋದು ಬ್ಯಾರೆ, ಅಂಕಿ ಬ್ಯಾರೆ" ಎಂದರು ಬಸವಂತ್ರಾಯರು. ವಿಜ್ಞಾನ ಓದಿದವರ ಮುಂದೆ ವಾದವೇನು ಎಂದು ಸುಗಲಮ್ಮ ಒಲೆಯ ಕಡೆ ಹೋದಳು.

ಬೀರೇಶ ಓಣಿಯ ಲೈನ್‌ಮನ್. ಕರೆಂಟ್ ಆಫೀಸಿನ ತಿಂಗಳ ಸಭೆಯಲ್ಲಿ ಬಸವಂತ್ರಾಯರು ನಲವತ್ತೆರಡು ಹಾಳೆಯ ದಾಖಲೆ ಮತ್ತು ನಾಲ್ಕು ಹಾಳೆ ಜೋಡಿಸಿ ಅಂಟಿಸಿದ ಒಂದು ಗ್ರಾಫನ್ನು ಬಿಚ್ಚಿ ಮೇಜಿನ ಮೇಲೆ ಹಾಸಿದಾಗ ಅವನು ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ. ಅಧಿಕಾರಿ ಮಹೇಶಕುಮಾರ ಹೊಸಬ, ಎಂಜಿನಿಯರು. ಗ್ರಾಫು ಕಂಡರೆ ಎದ್ದು ನಿಲ್ಲುವ ವಯಸ್ಸು.

"ಸರ, ಸಬ್‌ಸ್ಟೇಷನ್ ರಿಜಿಸ್ಟರಿನ್ಯಾಗ ಆ ಹೊತ್ತಿಗೆ ಕರೆಂಟ್ ಹೋಗಿದ್ದೇ ಇಲ್ಲ" ಎಂದ ಮಹೇಶಕುಮಾರ.

"ಅದಾ ನೋಡ್ರಿ ಮುಖ್ಯ ಮಾತು!" ಬಸವಂತ್ರಾಯರು ಬೆರಳೆತ್ತಿದರು. "ಅಲ್ಲಿಂದ ಹೊಂಟದ, ನಮ್ಮ ಓಣಿಗಿ ಮುಟ್ಟಿಲ್ಲ. ನಡುವ ಯಾರದಾರ?"

ಸಭೆಗೆ ಸಭೆಯೇ ಬಾಗಿಲ ಕಡೆ ತಿರುಗಿತು.

"ನಾ ಯಾಕ್ರಿ ತೆಗೀಲಿ?" ಎಂದ ಬೀರೇಶ. "ನಂಗೇನರ ಅದನ್ನ ಮನಿಗಿ ಒಯ್ಯಾಕ ಬರ್ತದೇನ್ರಿ?"

"ಇನ್ನೊಂದು ಸಾಕ್ಷಿ" ಎಂದರು ಬಸವಂತ್ರಾಯರು. "ಆರು ಐತವಾರದೊಳಗ ಒಂದ ಸೊನ್ನಿ ಇಲ್ಲ. ಐತವಾರ ರಜಾ ಯಾರಿಗಿ?"

"ನಿಮಗೂ ಅದರಿ" ಎಂದು ಬೀರೇಶ ಮೆಲ್ಲಗೆ ಅಂದ. ಆ ದಿನ ಸಭೆಯಲ್ಲಿ ಆಡಿದ ಸತ್ಯವಾದ ಮಾತು ಅದೊಂದೇ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಮಹೇಶಕುಮಾರ ಗ್ರಾಫಿನ ಬಲತುದಿಯ ಮೇಲೆ ಬೆರಳಿಟ್ಟ. ಅಲ್ಲಿ ಸೊನ್ನೆಗಳು ದಿನದಿನಕ್ಕೂ ಏರುತ್ತ ಗುಡ್ಡವಾಗಿದ್ದವು. "ಇದೇನ್ರಿ ಸರ?"

"ಎಳ್ಳಮಾಸಿ ಹತ್ರ ಬರಾಕತ್ತದ. ಎಲ್ಲಾರೂ ಹೊಲಕ್ಕ ಹೋಗಿ ಭೂಮಿತಾಯಿಗಿ ಎಡಿ ಹಿಡದು ಚರಗ ಚೆಲ್ಲಬೇಕಲ್ಲ, ಇವನದೂ ಎರಡ ಎಕರೆ ಅದ. ಹೊಲದ ಕಡಿ ಹೋಗೋ ಗಡಿಬಿಡ್ಯಾಗ ಇಲ್ಲಿ ತೆಗದು ಹೋಗ್ತಾನ."

ಎಳ್ಳಮಾವಾಸ್ಯೆಗೆ ಶೇಂಗಾ ಹೋಳಿಗೆಗೆ ಓಣಿಯಲ್ಲಿ ಎಷ್ಟು ಸೇರು ಶೇಂಗಾ, ಎಷ್ಟು ಸೇರು ಎಳ್ಳು ಪುಡಿಯಾಗಬೇಕು ಎಂಬ ಅಂಕಿ ಮಾತ್ರ ಅವರ ಬಳಿ ಇರಲಿಲ್ಲ.

ಅಧಿಕಾರಿ ತೀರ್ಮಾನ ಹೇಳಿದ. ಹಬ್ಬದ ಹಿಂದಿನ ದಿನ ತಾನೇ ಮನೆಗೆ ಬಂದು ಕಣ್ಣಾರೆ ನೋಡುವುದು. ದೂರು ನಿಜವಾದರೆ ಬೀರೇಶನನ್ನು ದೂರದ ಗುರುಮಠಕಲ್ಲಿಗೆ ವರ್ಗ ಮಾಡುವ ಆರ್ಡರಿಗೆ ಅವತ್ತೇ ಸಂಜೆ ಶಿಫಾರಸು.

ಬೀರೇಶ ಹೊರಗೆ ಸೈಕಲ್ ಸ್ಟ್ಯಾಂಡಿನಲ್ಲಿ ಬಸವಂತ್ರಾಯರಿಗೆ ಅಡ್ಡ ನಿಂತ. "ಸರ, ಮಗಳು ಹತ್ತನೇ ಕ್ಲಾಸಿನ್ಯಾಗ ಅದಾಳ. ಮಾರ್ಚಿಗಿ ಪರೀಕ್ಷಿ. ಈಗ ಸಾಲಿ ಬಿಡಿಸಿ ಒಯ್ದ್ರ ಅಕಿ ವರ್ಷ ಹೋಗ್ತದ. ನಾ ಕರೆಂಟ್ ತೆಗದಿಲ್ರಿ. ನಮ್ಮವ್ವನ ಆಣಿ."

ಬಸವಂತ್ರಾಯರು ಮುಂದಿಟ್ಟ ಹೆಜ್ಜೆಯನ್ನು ಹಿಂದೆ ತೆಗೆದರು. ಆದರೆ ಆಣೆಯನ್ನು ಯಾವ ಮಾಪಕದಲ್ಲಿ ಅಳೆಯುವುದು? "ನಂದೇನದೋ ಬೀರೇಶ? ಅಂಕಿ ಹೇಳ್ತದ" ಎಂದು ಬಸ್ಸು ಹತ್ತಿದರು.

ಪರಿಶೀಲನೆಯ ದಿನ ಅವರು ರಜೆ ಹಾಕಿದರು. ಉಪಕರಣವನ್ನು ಕದಲಿಸಬಾರದೆಂದು ಲ್ಯಾಪ್‌ಟಾಪನ್ನು ನಡುಮನೆಯಲ್ಲೇ ಬಿಟ್ಟರು. ಸಾಹೇಬರಿಗೆ ಪಡಸಾಲೆಗೇ ಕೇಳಲಿ ಎಂದು ಬೆಳಗ್ಗೆಯೇ ಒಂದು ಹೊಸ ಏರ್ಪಾಡು ಮಾಡಿದ್ದರು: ಒಂದು ಹೋಗಿ ಸೊನ್ನೆ ಬಂದ ಕೂಡಲೇ ಲ್ಯಾಪ್‌ಟಾಪು ಬಾಯಿಬಿಟ್ಟು ಹೇಳಬೇಕು. ಅದರ ಧ್ವನಿ ತಗಡಿನ ಡಬ್ಬಿಯೊಳಗೆ ಕೂತು ಶಾಸನ ಓದುವವನಂತಿತ್ತು. ಅದೇ ಗಾಂಭೀರ್ಯವೆಂದು ಅವರಿಗೆ ಹಿಡಿಸಿತು.

"ಸಾಹೇಬ್ರು ಇವತ್ತಾ ಬರಬೇಕೇನ್ರಿ?" ಎಂದು ಸುಗಲಮ್ಮ ಗೊಣಗಿದಳು. "ನಾಳಿ ಅಮಾಸಿ. ನಂಗ ಕೆಲಸ ಹರಕೊಂಡು ಬಿದ್ದಾವ."

"ನಿನ್ನ ಕೆಲಸ ನೀ ಮಾಡು. ಪಡಸಾಲಿಗಿ ಚಾ ಕಳಸು ಸಾಕು."

ಹತ್ತೂ ಐವತ್ತಕ್ಕೆ ಮಹೇಶಕುಮಾರ ಬಂದ. ಹಿಂದೆ ಬೀರೇಶ, ಹಬ್ಬದ ಹಿಂದಿನ ದಿನ ಶ್ರಾದ್ಧಕ್ಕೆ ಬಂದವನ ಮುಖ ಹೊತ್ತು. ಫ್ಯಾನು ಹಾಕಿ ಕೂರಿಸಲಾಯಿತು.

"ಕುಂದ್ರಿ ಸಾಹೇಬ್ರ. ನನ್ನ ದಾಖಲಿ ಪ್ರಕಾರ ಹನ್ನೊಂದೂ ಹತ್ತರಿಂದ ಹನ್ನೊಂದೂ ಇಪ್ಪತ್ತೈದರೊಳಗ ಹೋಗ್ತದ. ಇವತ್ತ ಬೀರೇಶ ನಮ್ಮ ಕಣ್ಣಮುಂದ ಅದಾನ. ಆದ್ರೂ ಹೋಯ್ತಂದ್ರ, ಇವಂದೊಂದು ಗ್ಯಾಂಗ್ ಅದ ಅಂತ ಅರ್ಥ."

ಬೀರೇಶ ಹಣೆ ಹಣೆ ಬಡಿದುಕೊಂಡ. "ಈಗ ಗ್ಯಾಂಗೂ ಆಯ್ತು!"

ಮೂವರೂ ಗ್ರಹಣ ಕಾಯುವವರಂತೆ ಗಡಿಯಾರ ನೋಡುತ್ತ ಕೂತರು. ಹನ್ನೊಂದೂ ಐದು. ಮಹೇಶಕುಮಾರ ಚಹಾ ಕುಡಿದ. ಹನ್ನೊಂದೂ ಹತ್ತು. ಬೀರೇಶ ಕಣ್ಣು ಮುಚ್ಚಿ ಮನೆದೇವರ ಹೆಸರು ಹೇಳಿದ. ಹನ್ನೊಂದೂ ಹದಿನಾಲ್ಕು.

ನಡುಮನೆಯಿಂದ ಧ್ವನಿ ಮೊಳಗಿತು: "ವಿದ್ಯುತ್ ಸ್ಥಗಿತಗೊಂಡಿದೆ."

"ನೋಡ್ರಿ!" ಬಸವಂತ್ರಾಯರು ಚಿಮ್ಮಿ ಎದ್ದರು. ಎರಡೂ ಕೈ ಮೇಲೆತ್ತಿದರು. "ನೋಡಿದ್ರಿ? ಹೇಳಿದ್ದಿಲ್ಲೇನ್ರಿ? ಹೋತು!"

ಎತ್ತಿದ ಕೈಗೆ ಗಾಳಿ ಬಡಿಯಿತು. ಮಹೇಶಕುಮಾರ ಅವರ ಮುಖ ನೋಡಲಿಲ್ಲ; ಅವರ ತಲೆಯ ಮೇಲೆ ನೋಡುತ್ತಿದ್ದ. ಬಸವಂತ್ರಾಯರೂ ಮೇಲೆ ನೋಡಿದರು. ಫ್ಯಾನು ತಿರುಗುತ್ತಿತ್ತು. ಆರಾಮಾಗಿ, ಹಬ್ಬಕ್ಕೆ ಬಂದ ಅಳಿಯನ ಹಾಗೆ.

"ಸರ," ಎಂದ ಮಹೇಶಕುಮಾರ, "ಫ್ಯಾನಿಗಿ ಇನ್ನೂ ಸುದ್ದಿ ಮುಟ್ಟಿಲ್ಲೇನ್ರಿ?"

ಅಷ್ಟರಲ್ಲಿ ಒಳಗಿನಿಂದ ಗರ್ರ್ರ್ ಎಂದು ಗುಡುಗಿತು. ಮೂವರೂ ಓಡಿದರು.

ನಡುಮನೆಯಲ್ಲಿ ಮಿಕ್ಸಿಯ ಮುಚ್ಚಳದ ಮೇಲೆ ಚಮನಬೀಯ ಅಂಗೈ ಇತ್ತು. ಪಕ್ಕದಲ್ಲಿ ಪಾರ್ವತಿಬಾಯಿ ಹುರಿದ ಶೇಂಗಾದ ಬುಟ್ಟಿ ಹಿಡಿದು ತನ್ನ ಪಾಳಿ ಕಾಯುತ್ತಿದ್ದಳು. ಸುಗಲಮ್ಮ ಎಳ್ಳು ಜರಡಿ ಹಿಡಿಯುತ್ತಿದ್ದಳು. ಲ್ಯಾಪ್‌ಟಾಪಿನ ಪ್ಲಗ್ಗನ್ನು ಶಿಸ್ತಾಗಿ ಸುತ್ತಿ, ಒಂದು ತೊಳೆದ ತಾಟಿನಲ್ಲಿ ಇಟ್ಟಿದ್ದರು.

ಗಂಡಸರನ್ನು ಕಂಡು ಚಮನಬೀ ಸೆರಗೆಳೆದುಕೊಂಡಳು. ಮಿಕ್ಸಿ ನಿಂತಿತು.

"ನಾ ಅದನ್ನ ಮುಟ್ಟಬ್ಯಾಡ್ರಿ ಅಂತ ಚೀಟಿ ಹಚ್ಚೀನಲ್ಲಾ!" ಎಂದರು ಬಸವಂತ್ರಾಯರು. ಧ್ವನಿ ಅವರದೇ ಎಂದು ಅವರಿಗೇ ನಂಬಿಕೆಯಾಗಲಿಲ್ಲ.

"ಯಾರ್ರಿ ಮುಟ್ಯಾರ?" ಸುಗಲಮ್ಮ ಎದ್ದು ನಿಂತಳು. "ಎರಡ ತಿಂಗಳಾತು, ಒಂದ ಕೈಬಟ್ಟ ಸೈತ ಅದಕ್ಕ ಹತ್ತಿಸಿಲ್ಲ. ವೈರ ತೆಗೀತೀವಿ, ಮತ್ತ ಹಾಕ್ತೀವಿ. ಕರೆಂಟ್ ಇರದಿದ್ರೂ ನಡೀತದ, ಒಳಗ ಬ್ಯಾಟರಿ ಅದ ಅಂತ ನೀವಾ ಹೇಳೀರಿ."

"ದಿನಾ ತೆಗೀತೀರಿ?"

"ಮತ್ತ ಆರು ವರ್ಷದಿಂದ ಅಡಗಿಮನಿ ಪ್ಲಗ್ಗಿನ್ಯಾಗ ಇರಬಿ ಅದಾವಲ್ರಿ."

ಪಾರ್ವತಿಬಾಯಿ ಸಾಹೇಬರ ಕಡೆ ತಿರುಗಿ ಕಾಳಜಿಯಿಂದ ಕೇಳಿದಳು: "ಸಾಹೇಬ್ರ, ನಮ್ಮ ಅರ್ಜಿ ಏನಾತ್ರಿ? ಕರೆಂಟ್ ಭಾಳ ಹೋಗಾಕತ್ತದ."

ಮಹೇಶಕುಮಾರ ನಲವತ್ತೆರಡು ಹಾಳೆಗಳನ್ನು ಮಗುಚಿ ಹಾಕುತ್ತ ಹೋದ. ನಗು ತಡೆದು ತಡೆದು ಅವನ ಮುಖ ಖಾರದ ಬಣ್ಣಕ್ಕೆ ಬಂದಿತ್ತು. "ಸರ, ನಿಮ್ಮ ಸೊನ್ನಿ ಎಲ್ಲಾ ಖರೇನೇ ಅದಾವ. ಆದ್ರ ಯಾಕ ಸೊನ್ನಿ ಅನ್ನೋ ಕಾಲಂ ಎಲ್ಲೂ ಇಲ್ಲ. ಇನ್ನೊಂದ ಮಾತು. ಈ ಎರಡನೇ ಕಾಲಂ ನೋಡ್ರಿ. ವೈರ ತೆಗದ ಹೊತ್ತು ಉದ್ದ ಆದಾಗೆಲ್ಲ ನಲವತ್ತಾರಕ್ಕ ಬಂದು ನಿಂತದ. ಸಂಜಿಗಿ ನೀವು ಮತ್ತ ಚಾಲೂ ಮಾಡೋ ತನಕ ಅದರ ಕೆಳಗ ಒಂದ ಸಾಲೂ ಇಲ್ಲ. ನಿಮ್ಮ ಬ್ಯಾಟರಿ ಸತ್ತದ ಸರ. ಈ ನಲವತ್ತೆರಡ ಹಾಳಿ ಹೇಳೋದು ಅದೊಂದಾ."

ಬಸವಂತ್ರಾಯರು ಆ ಕಾಲಮ್ಮನ್ನು ನೋಡಿದರು. ಪ್ರಯೋಗ ಶುರುಮಾಡಿದ್ದೇ ಅದಕ್ಕೆ. ಉತ್ತರ ಮೊದಲ ವಾರವೇ ಬಂದು ಕೂತಿತ್ತು.

"ಅದಿರ್ಲಿ. ಸಂಜಿಗಿ ಆಫೀಸಿಂದ ಕಾಗದ ಹೋಗ್ತದ" ಎಂದ ಮಹೇಶಕುಮಾರ. "ದೂರು ಬರವಣಿಗ್ಯಾಗ ಬಂದದ. ಬೀರೇಶಂದು ತಪ್ಪಿಲ್ಲ ಅಂತ ನೀವೂ ಬರವಣಿಗ್ಯಾಗ ಕೊಡಬೇಕು. ಸಹಿ ಮಾಡಿದ ನಲವತ್ಮೂರು ಮಂದೀನೂ."

ಬಸವಂತ್ರಾಯರು ತಡಮಾಡಲಿಲ್ಲ. ಸ್ಟೂಲಿನ ಮುಂದೆ ಕೂತು ಟೈಪು ಮಾಡತೊಡಗಿದರು. ಮಾನ್ಯರೇ, ನಾನು ಈ ಹಿಂದೆ ಸಲ್ಲಿಸಿದ ದೂರಿನಲ್ಲಿ... ಪಾರ್ವತಿಬಾಯಿಯ ಶೇಂಗಾ ಇನ್ನೂ ಇತ್ತು. ಹಬ್ಬ ಯಾರಿಗೂ ಕಾಯುವುದಿಲ್ಲ. ಅವರ ಕಿವಿಯ ಪಕ್ಕ ಮಿಕ್ಸಿ ಮತ್ತೆ ಗರ್ ಎಂದಿತು. ತಪ್ಪೊಪ್ಪಿಗೆ ಉದ್ದವಾಗುತ್ತ ಹೋಯಿತು, ಶೇಕಡಾ ಇಳಿಯುತ್ತ ಹೋಯಿತು. 'ಲೈನ್‌ಮನ್ ಬೀರೇಶ ಇವರು' ಎಂಬಲ್ಲಿಗೆ ಬಂದಾಗ ನಲವತ್ತಾರು. ಪರದೆ ಕಪ್ಪಾಯಿತು.

ಬೀರೇಶನ ಮುಖವೂ.

ಸುಗಲಮ್ಮ ಹಾಲಿನ ಲೆಕ್ಕ ಬರೆಯುವ ಪೆನ್ಸಿಲ್ಲನ್ನು ಗಂಡನ ಕೈಗೆ ಕೊಟ್ಟಳು. "ಇದಕ್ಕ ಚಾರ್ಜು ಬೇಕಿಲ್ಲ."

ಬಸವಂತ್ರಾಯರು ನೆಲದ ಮೇಲೆ ಕೂತು ಕೈಯಿಂದಲೇ ಬರೆದರು: 'ಬೀರೇಶ ಕರೆಂಟು ತೆಗೆದಿಲ್ಲ. ತೆಗೆದದ್ದು ನನ್ನ ಮನೆಯಲ್ಲೇ. ನಾನು ಅಳೆದದ್ದು ಸರಿ, ತಿಳಿದದ್ದು ತಪ್ಪು.' ಎರಡೂವರೆ ಸಾಲು. ಆಮೇಲೆ ಆ ಹಾಳೆ ಹಿಡಿದು ನಲವತ್ಮೂರು ಮನೆಗೂ ತಾವೇ ನಡೆದರು. ಪ್ರತಿ ಮನೆಯ ಹೊಸ್ತಿಲಲ್ಲೂ ಕತೆ ಮೊದಲಿಂದ ಹೇಳಬೇಕಾಯಿತು, ಪ್ರತಿ ಮನೆಯವರೂ ಮನಸಾರೆ ನಕ್ಕು ಸಹಿ ಮಾಡಿದರು. ಒಬ್ಬ ಮುದುಕ ಮಾತ್ರ, "ಅಂದ್ರ ಕರೆಂಟ್ ಹೋಗಿದ್ದಿಲ್ಲೇನ್ರಿ? ಸಹಿ ಮಾಡಾಕ ಮನಸಾಗಂಗಿಲ್ಲ" ಎಂದು ಹತ್ತು ನಿಮಿಷ ಹಟ ಹಿಡಿದ. ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ, ಬೆವರು ಸುರಿಸುತ್ತ, ಅವರೇ ಕಾಗದವನ್ನು ಕರೆಂಟ್ ಆಫೀಸಿನ ಮೇಜಿಗೆ ಮುಟ್ಟಿಸಿದರು. ಗುರುಮಠಕಲ್ಲಿನ ಮಾತು ಅಲ್ಲಿಗೆ ಮುಗಿಯಿತು.

ಹಬ್ಬದ ಮರುದಿನದ ಭಾನುವಾರ ಬೀರೇಶ ಚೀಲದಲ್ಲಿ ಸ್ಕ್ರೂಡ್ರೈವರು, ವೈರು, ಮೂರು ಹೊಸ ಪ್ಲಗ್ಗು ತಂದ. ಬಸವಂತ್ರಾಯರೇ ಹೋಗಿ ಕರೆದಿದ್ದರು. ಪಟ್ಟಿಯ ನಾಲ್ಕನೆಯ ನಂಬರು. ಸುಗಲಮ್ಮ ಮೊದಲು ಅವನಿಗೂ ಗಂಡನಿಗೂ ಶೇಂಗಾ ಹೋಳಿಗೆ, ತುಪ್ಪ ಬಡಿಸಿದಳು. ಮಗಳಿಗೆಂದು ಎಂಟು ಕಟ್ಟಿಕೊಟ್ಟಳು. ಹೋಳಿಗೆಯ ಹೂರಣ ಬೆಣ್ಣೆಯಂತೆ ನುಣ್ಣಗಿತ್ತು. ಆ ನುಣುಪು ಎಷ್ಟು ಸೊನ್ನೆಯ ಫಲ ಎಂಬುದು ತಿನ್ನುವ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಇನ್ನೊಂದೊಂದು ಹಾಕಿಸಿಕೊಂಡರು.

ಬೀರೇಶ ಕೈ ತೊಳೆದು, ಮೇನ್ ಸ್ವಿಚ್ಚಿನ ಹತ್ತಿರ ಹೋಗಿ ಅದನ್ನು ಕೆಳಗೆಳೆದ. ಫ್ಯಾನು ನಿಧಾನವಾಗಿ ನಿಂತಿತು. ನಡುಮನೆಯಿಂದ ಡಬ್ಬಿಯ ಧ್ವನಿ ಬಂತು: "ವಿದ್ಯುತ್ ಸ್ಥಗಿತಗೊಂಡಿದೆ."

ಬಸವಂತ್ರಾಯರ ಕೈ ಅಭ್ಯಾಸಬಲದಿಂದ ಕಿಸೆಗೆ ಹೋಯಿತು. ಹೊಸ ನೋಟ್‌ಬುಕ್ಕು ತೆಗೆದರು. ಅದರಲ್ಲಿ ಈಗ 'ಕಾರಣ' ಎಂಬ ಕಾಲಮ್ಮು ಇತ್ತು, ಉಳಿದೆಲ್ಲಕ್ಕಿಂತ ಅಗಲವಾಗಿ. ಪೆನ್ಸಿಲ್ಲಿನಿಂದ ಬರೆದರು: 'ಬೆಳಗ್ಗೆ 10.42. ಸೊನ್ನೆ. ಕಾರಣ: ಲೈನ್‌ಮನ್ ಬೀರೇಶ ಕರೆಂಟು ತೆಗೆದ.'

ಬೀರೇಶ ಭುಜದ ಮೇಲಿಂದ ಬಗ್ಗಿ ಓದಿದ. ಕೈಯಲ್ಲಿನ ಸ್ಕ್ರೂಡ್ರೈವರು ಜಾರಿತು. "ಸರ, ಮತ್ತ ಶುರು ಹಚ್ಚಿದ್ರೇನ್ರಿ?"

ಬಸವಂತ್ರಾಯರು ಬರೆದದ್ದನ್ನು ಇನ್ನೊಮ್ಮೆ ನೋಡಿದರು. ತಪ್ಪೇನೂ ಇರಲಿಲ್ಲ. ಆದರೂ ಯೋಚಿಸಿ, ಪೆನ್ಸಿಲ್ಲಿನ ತುದಿ ನಾಲಿಗೆಗೆ ಮುಟ್ಟಿಸಿ, ಪಕ್ಕದಲ್ಲಿ ಸೇರಿಸಿದರು: 'ನಾನೇ ತೆಗಿ ಅಂದೆ.'